ತಡಿಯಂಡಮೋಳ್‌ಗೆ ಚರ್ಚ್ ಹುಡುಗರ ಜೊತೆ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆಯ ಚರ್ಚ್‌ನ ಯುವಜನರ ಗುಂಪು. ಅಕ್ಟೋಬರ್ ಕೊನೆಗೆ ತಡಿಯಂಡಮೋಳ್ ಹತ್ತುವ ಆಸೆ. ಹೈಸ್ಕೂಲ್ ಮಕ್ಕಳೂ ಬರ್ತಾರೆ. ಹೋಗಬಹುದಾ?

ಉತ್ತರ: ಖಂಡಿತ ಹೋಗಿ. ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಹಸಿರಾಗಿರುವ ಹೊತ್ತು ಅದು, ನನಗಂತೂ ಕೊಡಗು ತುಂಬಾ ಇಷ್ಟವಾಗುವುದು ಆಗಲೇ. 1748 ಮೀಟರ್, ಜಿಲ್ಲೆಯಲ್ಲೇ ಎತ್ತರದ ಬೆಟ್ಟ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಕಡೆಯಿಂದ ಹತ್ತುತ್ತಾರೆ. ಮೊದಲರ್ಧ ಸಲೀಸು. ಕೊನೆಯಲ್ಲಿ ಶೋಲಾ ಕಾಡಿನೊಳಗೆ (ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ದಟ್ಟ ಕಾಡು) ಏರು ಜಾಸ್ತಿ, ಬೇರುಗಳ ಮೇಲೆ ಕಾಲು ಜಾರುತ್ತೆ, ಅಲ್ಲಿ ದೊಡ್ಡವರೊಬ್ಬರು ಮುಂದೆ, ಇನ್ನೊಬ್ಬರು ಕೊನೆಯ ಮಗುವಿನ ಹಿಂದೆ ಇರಲೇಬೇಕು. ಚುರುಕಾದ ಹುಡುಗರು ಓಡಿ ಹೋಗಿ ಉಳಿದವರನ್ನು ಬಿಟ್ಟುಬಿಡೋದೇ ದೊಡ್ಡ ಅಪಾಯ.

ಜಿಗಣೆ ಇರುತ್ತೆ. ಉದ್ದ ಸಾಕ್ಸ್, ಉಪ್ಪು ಇದ್ದರೆ ಸಾಕು, ಹೆದರಬೇಡಿ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ವಿಚಾರಿಸಿ, ಹೊರಟ ಮೇಲೆ ಅಲ್ಲ. ಆ ತಿಂಗಳಲ್ಲಿ ಹಿಂಗಾರು ಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ ಬರೋದುಂಟು, ತುದಿಯ ಬಯಲಲ್ಲಿ ನಿಲ್ಲೋಕೆ ಆಸರೆಯೇ ಇಲ್ಲ. ಹಾಗಾಗಿ ಬೆಳಗ್ಗೆ ಬೇಗ ಹೊರಡಿ, ಮೋಡ ಕಪ್ಪಾದರೆ ತುದಿ ಕಾಣ್ತಾ ಇದ್ದರೂ ವಾಪಸ್ ಬನ್ನಿ.

ಇನ್ನೊಂದು, ಭಾನುವಾರದ ಪೂಜೆ ಮುಗಿಸಿ ಹೊರಟರೆ ತಡವಾಗುತ್ತೆ. ಶನಿವಾರವೇ ಇಟ್ಟುಕೊಳ್ಳಿ. ಪ್ರಾರ್ಥನೆ, ಹಾಡು ಎಲ್ಲಾ ಮೇಲೇ ಮಾಡಿ, ಆದರೆ ಸ್ಪೀಕರ್ ಬೇಡ, ಅದು ಪ್ರಾಣಿಗಳ ಜಾಗ ಅಲ್ವಾ. ಬುತ್ತಿಗೆ ಸ್ಟೀಲ್ ಡಬ್ಬಿ ತನ್ನಿ, ಕಸ ಅಲ್ಲಿ ಬಿಡಬೇಡಿ.