ಸಂಪಾದಕರ ಉತ್ತರ: ಮೊದಲು ಹೊಂಡಕ್ಕೆ ಬೇಲಿ ಹಾಕೋಣ

(ಜಗಳೂರು ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಪತ್ರದ ಸಾರ: “ಪಕ್ಕದ ಊರಿನಲ್ಲಿ ಎರಡೂವರೆ ವರ್ಷದ ಮಗು ಕೃಷಿ ಹೊಂಡಕ್ಕೆ ಬಿದ್ದು ತೀರಿಕೊಂಡಿತು. ತಾಯಿ ಅದೇ ಹೊಲದಲ್ಲಿ ಈರುಳ್ಳಿ ಕಳೆ ತೆಗೆಯುತ್ತಿದ್ದಳು. ಊರಿನವರು ಅರ್ಧ ಜನ ಹಣೆಬರಹ ಎಂದರು, ಇನ್ನರ್ಧ ಜನ ತಾಯಿಯ ಗಮನ ಎಲ್ಲಿತ್ತು ಎಂದು ಕೇಳಿದರು. ‘ತಾಯಂದಿರೇ ಎಚ್ಚರ’ ಎಂದು ನಿಮ್ಮ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಒಂದು ಲೇಖನ ಹಾಕಿರಿ. ನನ್ನಂಥವಳು ಇನ್ನೇನು ಮಾಡಬಹುದು, ಅದನ್ನೂ ತಿಳಿಸಿರಿ.”)

ನಮಸ್ಕಾರ ಅಕ್ಕನವರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಲೇಖನಮಾಲೆಯನ್ನು ಖಂಡಿತ ಪ್ರಕಟಿಸುತ್ತೇವೆ. ಆದರೆ ನೀವು ಸೂಚಿಸಿದ ತಲೆಬರಹಕ್ಕೆ ನನ್ನ ಒಪ್ಪಿಗೆಯಿಲ್ಲ. ಮಗುವನ್ನು ಕಳೆದುಕೊಂಡ ಆ ಹೆಣ್ಣುಮಗಳ ಕೈಗೆ ಅಂಥ ಪುಟ ಸಿಕ್ಕರೆ ಆಕೆ ಅದನ್ನು ಹೇಗೆ ಓದಿಯಾಳು?

ಆಕೆ ಕೂಲಿಗೆ ಹೋಗಿದ್ದಳು ಎಂದು ನೀವೇ ಬರೆದಿದ್ದೀರಿ. ಮನೆಯಲ್ಲಿ ಅತ್ತೆಯಿಲ್ಲ, ಮಗುವನ್ನು ಅಂಗನವಾಡಿಗೆ ಸೇರಿಸಲು ಇನ್ನೂ ಆರು ತಿಂಗಳಿತ್ತು. ಬೇವಿನ ಮರದ ನೆರಳಲ್ಲಿ ಮಗುವನ್ನು ಕೂರಿಸಿ ಸಾಲು ಹಿಡಿದವಳಿಗೆ ಸಾಲಿನ ಕೊನೆ ಮುಟ್ಟುವವರೆಗೆ ತಲೆಯೆತ್ತಲು ಬಿಡುವಿರುವುದಿಲ್ಲ. ಅಷ್ಟರಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ನೀರಿಗೆ ಬಿದ್ದ ಮಗು ಕೂಗುತ್ತದೆ, ನಮಗೆ ಕೇಳಿಸುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಹಾಗೆ ಆಗುವುದು ಅಪರೂಪ. ಉಸಿರಿಗೇ ಪರದಾಡುವ ಮಗುವಿಗೆ ಕೂಗಲು ಉಸಿರಿರುವುದಿಲ್ಲ. ಹತ್ತು ಮಾರು ದೂರದಲ್ಲಿದ್ದ ತಾಯಿಗೂ ಅದು ತಿಳಿಯದೇ ಹೋಗಬಹುದು. ಆಕೆಯ ಪ್ರೀತಿಯಲ್ಲಿ ಕೊರತೆಯಿತ್ತು ಎಂದು ಯಾರಾದರೂ ಹೇಳಿದರೆ ನನ್ನ ಪರವಾಗಿಯೂ ನೀವು ಜಗಳ ಮಾಡಿರಿ.

ಈಗ ಆ ಹೊಂಡವನ್ನು ನೋಡೋಣ. ರಾಜ್ಯ ಸರ್ಕಾರದ ‘ಕೃಷಿ ಭಾಗ್ಯ’ ಯೋಜನೆ 2014ರಲ್ಲಿ ಆರಂಭವಾದ ಮೇಲೆ ಮಳೆಯಾಶ್ರಿತ ತಾಲ್ಲೂಕುಗಳಲ್ಲಿ ಮಳೆನೀರು ಹಿಡಿದಿಡುವ ಸಾವಿರಾರು ಹೊಂಡಗಳಾದವು. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ರೈತರಿಗೆ ಅವು ಎಷ್ಟು ಆಸರೆಯಾಗಿವೆ ಎಂಬುದನ್ನು ನಾನು ಕಂಡಿದ್ದೇನೆ. ಹೊಂಡ ಬೇಡ ಎನ್ನುವವನು ನಾನಲ್ಲ. ಅದರ ಆಳ ಸುಮಾರು ಮೂರು ಮೀಟರ್, ಅಂದರೆ ಹತ್ತು ಅಡಿ. ನೀರು ಇಂಗದಿರಲೆಂದು ಒಳಗೆಲ್ಲ ಪಾಲಿಥಿನ್ ಹಾಳೆ ಹಾಸಿರುತ್ತಾರೆ. ನಾಲ್ಕೂ ಬದಿ ಇಳಿಜಾರು, ಮೇಲೆ ಪಾಚಿ. ಕೆರೆಯ ದಂಡೆಯಲ್ಲಿ ಹಿಡಿಯಲು ಹುಲ್ಲಾದರೂ ಇರುತ್ತದೆ, ಕಲ್ಲಾದರೂ ಸಿಗುತ್ತದೆ. ಇಲ್ಲಿ ಏನೂ ಇಲ್ಲ. ಈಜು ಬಲ್ಲ ದೊಡ್ಡವರೇ ಹತ್ತಲಾರದೆ ಜಾರಿ ಜಾರಿ ಸೋತು ಮುಳುಗುತ್ತಾರೆ. ಮಗುವನ್ನು ಎತ್ತಲು ಹಾರಿದ ಅಕ್ಕನೋ ತಂದೆಯೋ ಮಗುವಿನೊಂದಿಗೇ ಹೋದ ಸುದ್ದಿಗಳು ಬರುತ್ತಲೇ ಇರುವುದು ಇದೇ ಕಾರಣಕ್ಕೆ.

ಹಾಗಾಗಿ ಮೊದಲು ಬೇಲಿ. ಕೃಷಿ ಭಾಗ್ಯದಲ್ಲಿ ಹೊಂಡದ ಸುತ್ತ ತಂತಿ ಬೇಲಿಯೂ ಒಂದು ಘಟಕವಾಗಿದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಬೇಲಿಯಿಲ್ಲದೆ ನಿಂತಿರುವ ಹಳೆಯ ಹೊಂಡಗಳಿಗೂ ನೆರವು ಬೇಕೆಂದು ಪಂಚಾಯಿತಿಯಿಂದಲೇ ಕೃಷಿ ಇಲಾಖೆಗೆ ಪತ್ರ ಹೋಗಲಿ. ಹಣ ಬರುವವರೆಗೆ ಕಾಯುವುದೂ ಬೇಡ: ಜಾಲಿ ಮುಳ್ಳನ್ನು ಒತ್ತಾಗಿ ಕಟ್ಟಿ, ಬಾಗಿಲಿಗೆ ಅಗುಳಿಯಿಟ್ಟರೆ ಎರಡು ವರ್ಷದ ಮಗುವನ್ನು ತಡೆಯಲು ಸಾಕು. ಇನ್ನೊಂದು ಕೆಲಸ ಒಂದೇ ಮಧ್ಯಾಹ್ನದ್ದು. ದಪ್ಪ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಮೇಲೆ ಗೂಟಕ್ಕೆ ಬಿಗಿದು, ನಾಲ್ಕೂ ಬದಿಯಿಂದ ನೀರಿನೊಳಗೆ ಇಳಿಬಿಡಬೇಕು. ದಂಡೆಯ ಮೇಲೆ ಉದ್ದನೆಯ ಬಿದಿರಿನ ಗಳ ಒಂದು, ಹಗ್ಗ ಕಟ್ಟಿ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಒಂದು ಸದಾ ಇರಬೇಕು. ಬಿದ್ದವರಿಗೆ ಗಳ ಚಾಚಬೇಕು, ಕ್ಯಾನ್ ಎಸೆಯಬೇಕು, ಸೀರೆಯನ್ನಾದರೂ ಎಸೆಯಬೇಕು. ತರಬೇತಿಯಿಲ್ಲದವರು ಹಾರಬಾರದು. ಇದನ್ನು ಶಾಲೆಯ ಮಕ್ಕಳಿಗೆ ಮಾಡಿಸಿ ತೋರಿಸಿರಿ. ಭಾಷಣದಲ್ಲಿ ಹೇಳಿದರೆ ನಿಲ್ಲುವುದಿಲ್ಲ.

ಎರಡನೆಯದು, ಹೊಲದ ಹೊತ್ತಿನಲ್ಲಿ ಮಗು ಎಲ್ಲಿರಬೇಕು ಎಂಬ ಪ್ರಶ್ನೆ. ಊರ ತುಂಬ ಕುಂಟೆ, ಹಳ್ಳಗಳಿರುವ ಬಾಂಗ್ಲಾದೇಶದಲ್ಲಿ ಪುಟ್ಟ ಮಕ್ಕಳು ಹೆಚ್ಚಾಗಿ ಮುಳುಗುವುದು ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತಿನಲ್ಲಿ ಎಂಬುದನ್ನು ಅಲ್ಲಿನವರು ಗುರುತಿಸಿದರು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಊರಿನ ಹೆಣ್ಣುಮಗಳೇ ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಮನೆಗಳನ್ನು ತೆರೆದರು. ಅಲ್ಲಿಗೆ ಬಂದ ಮಕ್ಕಳಲ್ಲಿ ಮುಳುಗಿ ಸಾಯುವುದು ಬಹಳವಾಗಿ ತಗ್ಗಿತು. ವಿಶ್ವ ಆರೋಗ್ಯ ಸಂಸ್ಥೆ ಇಂದು ಇದನ್ನು ಶಿಫಾರಸು ಮಾಡುತ್ತದೆ. ನಮ್ಮಲ್ಲಿ ಅದಕ್ಕೆ ದಾರಿ ಇಲ್ಲವೆಂದಿಲ್ಲ. 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಘೋಷಿಸಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಎಂದು ರೂಪಿಸಿದ ಮನೆ ಅದು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ? ಇದ್ದರೆ ಕಳೆ ತೆಗೆಯುವ ಸುಗ್ಗಿಯಲ್ಲಿ ಬೆಳಗಿನ ಜಾವದ ಕೂಲಿಗೆ ಹೊಂದುವಂತೆ ಬಾಗಿಲು ತೆರೆಯುತ್ತದೆಯೇ? ನನ್ನ ದೃಷ್ಟಿಯಲ್ಲಿ ನೂರು ಎಚ್ಚರಿಕೆಯ ಲೇಖನಗಳಿಗಿಂತ ಇದೊಂದು ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವುದು ದೊಡ್ಡದು.

ಕೊಳವೆಬಾವಿಯ ವಿಷಯವನ್ನು ನೀವು ಒಂದು ಸಾಲಿನಲ್ಲಿ ಕೇಳಿದ್ದೀರಿ. 2010ರಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಸ್ಪಷ್ಟ ಸೂಚನೆಗಳನ್ನು ಕೊಟ್ಟಿದೆ. ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು. ಕೆಲಸದ ಜಾಗಕ್ಕೆ ಬೇಲಿ ಮತ್ತು ಫಲಕ ಇರಬೇಕು. ಬಾವಿಯೊಳಗೆ ಇಳಿಸಿದ ಕೇಸಿಂಗ್ ಪೈಪಿನ ಬಾಯಿಗೆ ಉಕ್ಕಿನ ತಟ್ಟೆ ಬೆಸೆಯಬೇಕು, ಇಲ್ಲವೇ ನಟ್ಟು ಬೋಲ್ಟಿನ ಗಟ್ಟಿ ಮುಚ್ಚಳ ಹಾಕಬೇಕು. ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ನಡೆಯುವುದೇ ಬೇರೆ. ಸಾಲ ಮಾಡಿ ಕೊರೆಸಿದ ಬೋರ್ ಫೇಲಾದ ದಿನ ರೈತನಿಗೆ ಮುಚ್ಚಳದ ಯೋಚನೆ ಬರುವುದಿಲ್ಲ. ಮುಂದೆ ಕೊರೆಸುವ ಪಾಯಿಂಟಿಗೆ ಬೇಕೆಂದು ಕೇಸಿಂಗ್ ಪೈಪನ್ನೂ ಕಿತ್ತುಕೊಳ್ಳುತ್ತಾನೆ. ಬಾಯಿ ಅಗಲವಾಗಿ ಹಾಗೇ ಉಳಿಯುತ್ತದೆ. ಆ ಹೊತ್ತಿನಲ್ಲಿ ಸ್ಥಿಮಿತದಲ್ಲಿರುವವರು ಬೋರ್ ಲಾರಿಯವರು. ತೂತು ಮುಚ್ಚದೆ ಲಾರಿ ಊರು ಬಿಡಬಾರದು ಎಂದು ಪಂಚಾಯಿತಿಯೇ ಕಟ್ಟುಪಾಡು ಮಾಡಲಿ. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಎರಡು ದಿನಕ್ಕೂ ಮೀರಿ ಅಗೆದರೂ ಮಗು ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಸುಮಾರು 20 ಗಂಟೆ ಹೋರಾಡಿ ಮಗುವನ್ನು ಜೀವಂತ ತೆಗೆದರು. ನಾಡೇ ಕಣ್ಣೀರು ಒರೆಸಿಕೊಂಡಿತು. ಆ ಇಪ್ಪತ್ತು ಗಂಟೆಗಳ ಯಂತ್ರಗಳ ಖರ್ಚಿನಲ್ಲಿ ಎಷ್ಟು ಬಾವಿಗಳಿಗೆ ಮುಚ್ಚಳ ಹಾಕಬಹುದಿತ್ತು!

ನೀರಿನಿಂದ ಎತ್ತಿದ ಮಗುವಿಗೆ ಏನು ಮಾಡಬೇಕು ಎಂಬುದನ್ನು ನೀವು ಕೇಳಿಲ್ಲ, ಆದರೂ ಹೇಳದಿರಲಾರೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮುಳುಗಿದ ಹುಡುಗನ ಮೈಯನ್ನು ಉಪ್ಪಿನಲ್ಲಿ ಮುಚ್ಚಿಟ್ಟು ಬದುಕಿ ಬರುತ್ತಾನೆಂದು ಹೆತ್ತವರು ಗಂಟೆಗಟ್ಟಲೆ ಕಾದರು. ಮೊಬೈಲಿನಲ್ಲಿ ಹರಿದಾಡಿದ ಸುಳ್ಳು ಸಂದೇಶವನ್ನು ಅವರು ನಂಬಿದ್ದರು. ನಮ್ಮಲ್ಲಿ ಕಾಲು ಹಿಡಿದು ತಲೆಕೆಳಗು ಮಾಡುತ್ತಾರೆ, ಹೊಟ್ಟೆ ಒತ್ತುತ್ತಾರೆ. ಯಾವುದೂ ಬೇಡ. ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಉಸಿರಾಟವಿಲ್ಲದಿದ್ದರೆ ಗದ್ದ ತುಸು ಎತ್ತಿ ಮೊದಲು ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, ಎರಡು ಸಲ ಉಸಿರು ಕೊಡಬೇಕು. 108 ಬರುವವರೆಗೆ ನಿಲ್ಲಿಸಬಾರದು. ಇದನ್ನು ಓದಿ ಕಲಿಯಲಾಗದು, ಗೊಂಬೆಯ ಮೇಲೆ ಕೈಯಿಟ್ಟು ಕಲಿಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ಆಶಾ ಕಾರ್ಯಕರ್ತೆಯರೂ ನೀವೂ ಒಂದು ದಿನ ಕೂಡಿರಿ.

ಮಕ್ಕಳಿಗಿರುವ ಉಳಿದ ಅಪಾಯಗಳು ಸಂಕ್ಷೇಪವಾಗಿ, ಒಂದೊಂದಕ್ಕೂ ಲೇಖನ ಬರಲಿದೆ. ಬಿಸಿನೀರು ಬಿದ್ದ ಮೈಗೆ ಟೂತ್‌ಪೇಸ್ಟ್, ಶಾಯಿ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರು ಬಿಡಬೇಕು. ಅಡಿಕೆ ಬೇಯಿಸುವ ದಿನಗಳಲ್ಲಿ ಚನ್ನಗಿರಿ ಕಡೆಯವರಿಗೂ, ವರ್ಷವಿಡೀ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯವರಿಗೂ ಇದು ತಿಳಿದಿರಬೇಕು. ಕ್ರಿಮಿನಾಶಕವನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ಇಂದೇ ನಿಲ್ಲಬೇಕು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಬೈಕಿನಲ್ಲಿ ಕೂರುವ ಪುಟ್ಟ ಮಕ್ಕಳಿಗೂ ಹೆಲ್ಮೆಟ್ ಮತ್ತು ಕಟ್ಟುಪಟ್ಟಿ ಕಡ್ಡಾಯ ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ.

ನಿಮ್ಮ ಪಾಲಿನ ಕೆಲಸ ಏನೆಂದು ಕೇಳಿದಿರಿ. ನವೆಂಬರ್‌ನಿಂದ ಮಕ್ಕಳ ಗ್ರಾಮಸಭೆಗಳು ಶುರುವಾಗುತ್ತವೆ. ಅದಕ್ಕೂ ಮೊದಲು ಪ್ರೌಢಶಾಲೆಯ ಮಕ್ಕಳೊಂದಿಗೆ ಊರು ಸುತ್ತಿರಿ. ಬೇಲಿಯಿಲ್ಲದ ಹೊಂಡ, ಬಾಯ್ತೆರೆದ ಬೋರ್, ಮುಚ್ಚಳವಿಲ್ಲದ ಸಂಪು, ಜೋತುಬಿದ್ದ ವಿದ್ಯುತ್ ತಂತಿ, ನೀರು ನಿಂತ ಕಲ್ಲು ಕ್ವಾರಿ ಎಲ್ಲವನ್ನೂ ಸರ್ವೆ ನಂಬರ್ ಸಹಿತ ಮಕ್ಕಳೇ ಬರೆದುಕೊಳ್ಳಲಿ, ಸಭೆಯಲ್ಲಿ ಮಕ್ಕಳೇ ಓದಲಿ. ಓದಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ನೀವೂ ಅಂಗನವಾಡಿಯ ಬಾಲವಿಕಾಸ ಸಮಿತಿಯವರೂ ಅಲ್ಲಿಂದ ಏಳಬೇಡಿರಿ. ಪಿಡಿಒ ಅವರ ಸಹಿಯಿರುವ ನಡಾವಳಿಯ ಪ್ರತಿಯನ್ನು ನಮಗೂ ಕಳುಹಿಸಿರಿ. ಪಂಚಾಯಿತಿ ಏನು ಒಪ್ಪಿತು, ಯಾವ ದಿನಾಂಕದೊಳಗೆ ಮಾಡುತ್ತೇವೆ ಎಂದಿತು ಎಂಬುದನ್ನು ಪ್ರಕಟಿಸುತ್ತೇವೆ, ದಿನಾಂಕ ದಾಟಿದ ಮೇಲೆ ನಮ್ಮ ವರದಿಗಾರರು ಬಂದು ನೋಡುತ್ತಾರೆ. ಲೇಖನಮಾಲೆಯ ಮೊದಲ ಕಂತು ಕೃಷಿ ಹೊಂಡದ ಬಗ್ಗೆ. ಹಗ್ಗ ಕಟ್ಟುವ ಕ್ರಮವನ್ನು ಚಿತ್ರಸಹಿತ ಕೊಡುತ್ತಿದ್ದೇವೆ. ಅಂಗನವಾಡಿಯ ಗೋಡೆಗೆ ಅಂಟಿಸಲು ಅದರ ಬಿಡಿ ಪ್ರತಿಗಳು ಎಷ್ಟು ಬೇಕೆಂದು ತಿಳಿಸಿದರೆ ದಾವಣಗೆರೆಯಿಂದ ಬಸ್ಸಿಗೆ ಹಾಕಿಸುತ್ತೇವೆ.

— ಸಂಪಾದಕ