ಹಗಲಲ್ಲೂ ಕಣ್ಣು ಮುಚ್ಚಿರೋ ಗೋಸುಂಬೆ: ಕಾಯ್ಬೇಕಾ, ವೆಟ್ (ಪಶುವೈದ್ಯರ) ಹತ್ರ ಹೋಗ್ಬೇಕಾ?

ಪ್ರಶ್ನೆ: ನಾವು ಸಾಕಿರೋದು ವೇಲ್ಡ್ ಅನ್ನೋ ಜಾತಿಯ ಗೋಸುಂಬೆ, ಹೆಣ್ಣು, ಒಂದು ವರ್ಷ ಆಗಿರ್ಬಹುದು. ಕೆಲವು ದಿನದಿಂದ ಮಧ್ಯಾಹ್ನದ ಹೊತ್ತಲ್ಲೂ ಕಣ್ಣು ಮುಚ್ಕೊಂಡೇ ಕೂತಿರುತ್ತೆ. ಹುಳ ಬಿಟ್ರೆ ಕಣ್ಣು ತೆಗೆದು ನೋಡುತ್ತೆ, ನಾಲಿಗೆ ಬಿಡೋಕೆ ಹೋಗಿ ಅರ್ಧಕ್ಕೇ ನಿಲ್ಸುತ್ತೆ. ಬಣ್ಣ ಹಸಿರಾಗೇ ಇದೆ, ಬಲ್ಬ್ ಎಲ್ಲ ಉರೀತಿವೆ. ನಿದ್ದೆ ಅಷ್ಟೇ, ತಾನೇ ಸರಿಹೋಗುತ್ತೆ ಅಂತ ಮನೆಯವ್ರು ಅಂತಿದಾರೆ. ಸ್ವಲ್ಪ ದಿನ ನೋಡ್ಲಾ?

ಉತ್ತರ: ದಯವಿಟ್ಟು ಕಾಯ್ಬೇಡಿ. ಗೋಸುಂಬೆ ಆರೋಗ್ಯವಾಗಿದ್ರೆ ಹಗಲಲ್ಲಿ ಹೀಗೆ ಮಲಗಲ್ಲ, ಆಗಾಗ ಕಣ್ಣು ಮುಚ್ಚಿ ಗುಡ್ಡೆ ತಿರುಗಿಸಿ ಕ್ಲೀನ್ ಮಾಡ್ಕೊಳ್ಳುತ್ತೆ ನಿಜ, ಆದ್ರೆ ಲೈಟ್ ಇರೋವಾಗ ಗಂಟೆಗಟ್ಟಲೆ ಮುಚ್ಕೊಂಡಿದೆ ಅಂದ್ರೆ ಏನೋ ಆಗಿದೆ ಅಂತಲೇ ಅರ್ಥ. ಬಣ್ಣ ನೋಡಿ ಸಮಾಧಾನ ಪಡ್ಬೇಡಿ. ಚಳಿ, ಬಿಸಿಲು, ಭಯ, ಹೊಟ್ಟೇಲಿ ಮೊಟ್ಟೆ ಎಲ್ಲಕ್ಕೂ ಬಣ್ಣ ಬದಲಾಗುತ್ತೆ, ಹಾಗೇ ತುಂಬಾ ಕಾಯಿಲೆ ಇದ್ರೂ ಹಸಿರಾಗೇ ಕಾಣ್ಬಹುದು. ಕಾಡಲ್ಲಿ ಸೋತಿದೀನಿ ಅಂತ ತೋರಿಸ್ಕೊಂಡ್ರೆ ಯಾವುದಾದ್ರೂ ಹಕ್ಕಿ ಹಾವು ಹಿಡಿದು ತಿಂದುಬಿಡುತ್ತೆ, ಅದಕ್ಕೇ ಇವು ಆದಷ್ಟು ದಿನ ಮುಚ್ಚಿಡ್ತವೆ, ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಕಾಯಿಲೆ ಹಳೇದಾಗಿರುತ್ತೆ.

ನೀವು ಬರೆದಿದ್ರಲ್ಲಿ ನಂಗೆ ಜಾಸ್ತಿ ಚಿಂತೆ ಆಗಿದ್ದು ನಾಲಿಗೆ ವಿಷಯ. ಕ್ಯಾಲ್ಸಿಯಂ ಕಮ್ಮಿಯಾದ್ರೆ ಸ್ನಾಯು ಸರಿಯಾಗಿ ಕೆಲಸ ಮಾಡಲ್ಲ, ನಾಲಿಗೆ ದೂರ ಹೋಗಲ್ಲ, ಕೈಕಾಲು ನಡುಗುತ್ತೆ, ಆಮೇಲೆ ಮೂಳೆ ಮೆತ್ತಗಾಗಿ ಮುಂಗಾಲು ಬಿಲ್ಲಿನ ಥರ ಬಾಗುತ್ತೆ. ದವಡೆ ಮೆತ್ತಗಿದ್ಯಾ ಅಂತ ಒತ್ತಿ ನೋಡೋಕೆ ಹೋಗ್ಬೇಡಿ, ಮುರಿಯುತ್ತೆ. ಬಲ್ಬ್ ಉರೀತಿದೆ ಅಂದ್ರಲ್ಲ, ಅದರಿಂದ ಬರ್ಬೇಕಾದ ಯುವಿಬಿ, ಅಂದ್ರೆ ಬಿಸಿಲಲ್ಲಿರೋ ಒಂಥರಾ ನೇರಳಾತೀತ ಕಿರಣ, ಕಣ್ಣಿಗೆ ಕಾಣೋದಲ್ಲ. ಬೆಳಕು ಚೆನ್ನಾಗೇ ಬರ್ತಿದ್ರೂ 6ರಿಂದ 12 ತಿಂಗಳಲ್ಲಿ ಅದರೊಳಗಿನ ಯುವಿಬಿ ತುಂಬಾ ಇಳಿದಿರುತ್ತೆ, ಇನ್ನು ನಡುವೆ ಗಾಜು ಇದ್ರಂತೂ ಹೆಚ್ಚುಕಮ್ಮಿ ಏನೂ ದಾಟಲ್ಲ. ಯುವಿಬಿ ಇಲ್ದೇ ಮೈಯಲ್ಲಿ ವಿಟಮಿನ್ ಡಿ3 ತಯಾರಾಗಲ್ಲ, ಡಿ3 ಇಲ್ದೇ ನೀವು ಹುಳಕ್ಕೆ ಎಷ್ಟು ಕ್ಯಾಲ್ಸಿಯಂ ಪುಡಿ ಹಚ್ಚಿದ್ರೂ ಮೈಗೆ ಹತ್ತಲ್ಲ.

ಹೆಣ್ಣಾಗಿರೋದ್ರಿಂದ ಇನ್ನೊಂದು ಅನುಮಾನ ಇದೆ. ವೇಲ್ಡ್ ಹೆಣ್ಣು ಗಂಡು ಇಲ್ದೇನೂ ಮೊಟ್ಟೆ ಕಟ್ಟುತ್ತೆ, ಆ ಮೊಟ್ಟೆಗೂ ಕ್ಯಾಲ್ಸಿಯಂ ಹೋಗೋದು ಅವಳ ಮೈಯಿಂದಲೇ. ಹೊಟ್ಟೆ ಗಂಟುಗಂಟಾಗಿ ಕಾಣ್ತಿದ್ಯಾ, ಕೆಳಗಿಳಿದು ನೆಲ ಕೆರೀತಿದ್ಯಾ ನೋಡಿ. ಅಗೆಯೋಕೆ ಒಂದಡಿ ಆಳದ ಒದ್ದೆ ಮರಳು ಮಣ್ಣು ಸಿಗದಿದ್ರೆ ಮೊಟ್ಟೆ ಒಳಗೇ ಉಳ್ಕೊಂಡು ಪ್ರಾಣಕ್ಕೇ ಬರ್ಬಹುದು. ಈಗ ಒಂದು ಟಬ್‌ನಲ್ಲಿ ಮಣ್ಣು ಹಾಕಿಡಿ, ಅಗೆಯೋವಾಗ ಇಣುಕಬೇಡಿ, ಯಾರಾದ್ರೂ ನೋಡ್ತಿದಾರೆ ಅಂತ ಗೊತ್ತಾದ್ರೆ ಬಿಟ್ಟುಬಿಡುತ್ತೆ. ಆದ್ರೆ ನೆಲದ ಮೇಲೆ ಕಣ್ಣು ಮುಚ್ಚಿ ಬಿದ್ದಿದ್ರೆ ಟಬ್ ನಂಬ್ಕೊಂಡು ಕೂರ್ಬೇಡಿ, ಅವತ್ತೇ ವೆಟ್ ಹತ್ರ ಹೋಗಿ.

ನೀರು ಕಮ್ಮಿ ಆಗಿದ್ಯಾ ಅಂತಾನೂ ನೋಡಿ, ಕಣ್ಣು ಒಳಗೆ ಹೋಗಿದ್ರೆ, ಹಿಕ್ಕೆಯ ಜೊತೆ ಬರೋ ಬಿಳೀ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ರೆ ನೀರಿಲ್ಲ ಅಂತ. ಇವು ಬಟ್ಟಲಲ್ಲಿ ಕುಡಿಯೋದು ಅಪರೂಪ, ಎಲೆ ಮೇಲಿನ ಹನಿ ನೆಕ್ಕೋದು, ಹಾಗಾಗಿ ಸ್ಪ್ರೇ ಮಾಡಿ, ಹನಿಹನಿಯಾಗಿ ಬೀಳೋ ಹಾಗೆ ಮಾಡಿ. ಬಲವಂತವಾಗಿ ಸಿರಿಂಜಲ್ಲಿ ಬಾಯಿಗೆ ಹಾಕಿದ್ರೆ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ. ತಿನ್ನಿಸೋಕೂ ಹೋಗ್ಬೇಡಿ, ನೀರಿಲ್ದೇ ತಣ್ಣಗಿರೋ ಮೈಗೆ ಊಟ ಜೀರ್ಣ ಆಗಲ್ಲ. ಮನುಷ್ಯರ ಮಾತ್ರೆ, ಉಳಿದಿರೋ ಆಂಟಿಬಯಾಟಿಕ್, ಅಂದಾಜಿನ ವಿಟಮಿನ್ ಎ ಯಾವುದೂ ಬೇಡ. ರೆಪ್ಪೆ ಊದಿದ್ರೆ ವಿಟಮಿನ್ ಎ ಕೊರತೆ ಇರಬಹುದು, ಆದ್ರೆ ಅದು ಜಾಸ್ತಿಯಾದ್ರೂ ವಿಷ.

ಸರೀಸೃಪ ನೋಡಿ ಅನುಭವ ಇರೋ ವೆಟ್‌ನ ಹುಡುಕಿ, ಇವತ್ತೇ ಫೋನ್ ಮಾಡಿ. ಹೋಗೋವಾಗ ಗೂಡಿನ ಫೋಟೋ, ಬಲ್ಬ್ ಯಾವುದು ಯಾವಾಗ ಹಾಕಿದ್ದು, ಯಾವ ಪುಡಿ ಎಷ್ಟು ದಿನಕ್ಕೊಮ್ಮೆ ಕೊಡ್ತೀರಿ ಎಲ್ಲ ಬರ್ಕೊಂಡು ಹೋಗಿ, ಹೊಸ ಹಿಕ್ಕೆ ಸಿಕ್ರೆ ಡಬ್ಬೀಲಿ ತಗೊಂಡ್ಹೋಗಿ, ಪರಾವಲಂಬಿ ಹುಳ ಇದ್ಯಾ ಅಂತ ನೋಡ್ತಾರೆ. ಗಾಳಿ ಆಡೋ ಡಬ್ಬಿಯೊಳಗೆ ಹಿಡ್ಕೊಳ್ಳೋಕೆ ಒಂದು ಕಡ್ಡಿ ಕೊಟ್ಟು ಮೇಲೆ ಬಟ್ಟೆ ಮುಚ್ಚಿ, ಕತ್ತಲಲ್ಲಿ ಅದಕ್ಕೆ ಗಾಬರಿ ಕಮ್ಮಿ.

ಪ್ರಶ್ನೆ: ನಮ್ಮ ಪ್ಯಾಂಥರ್ ಜಾತಿಯ ಗೋಸುಂಬೆ ಬಾಯಿ ತೆರ್ಕೊಂಡು ಕೂತಿರುತ್ತೆ. ಇದು ಕಾಯಿಲೆನಾ?

ಉತ್ತರ: ಎಲ್ಲಿ ಕೂತಿರುತ್ತೆ ನೋಡಿ. ಬಿಸಿ ಬಲ್ಬ್ ಕೆಳಗೆ ಮಾತ್ರ ಆದ್ರೆ ಸೆಕೆ ಕಳ್ಕೊಳ್ತಿದೆ, ಥರ್ಮಾಮೀಟರ್ ಇಟ್ಟು ನೋಡಿ, ಅಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ರೆ ಸಾಕು, ತುಂಬಾ ಮೇಲಿದ್ರೆ ಬಲ್ಬ್ ಎತ್ತರಕ್ಕೆ ಕಟ್ಟಿ. ತಂಪಿನಲ್ಲೂ ಬಾಯಿ ತೆರೆದು, ತಲೆ ಮೇಲೆತ್ತಿ ಉಸಿರಾಡ್ತಿದ್ರೆ, ಟಿಕ್ ಟಿಕ್ ಅಂತಲೋ ಸುಂಯ್ ಅಂತಲೋ ಶಬ್ದ ಬರ್ತಿದ್ರೆ, ಬಾಯಲ್ಲಿ ಲೋಳೆ ಕಾಣಿಸಿದ್ರೆ ಅದು ಶ್ವಾಸಕೋಶದ ಸೋಂಕು ಇರಬಹುದು, ತಾನಾಗೇ ಹೋಗುತ್ತೆ ಅಂತ ಬಿಡೋ ಹಾಗಿಲ್ಲ. ಶಬ್ದ ಬಂದಾಗ ಫೋನಲ್ಲಿ ವಿಡಿಯೋ ಮಾಡಿಟ್ಕೊಳ್ಳಿ, ವೆಟ್ ಮುಂದೆ ಅದು ಉಸಿರು ಬಿಗಿಹಿಡ್ಕೊಂಡು ಕೂತ್ರೂ ಅವರಿಗೆ ಕೇಳಿಸ್ಬೇಕು.