ಓಣಿ ಹೋದ ಮೇಲೆ ತಾಳ ಎಲ್ಲಿ?

ಪ್ರಶ್ನೆ: ಇಸ್ತಾಂಬುಲ್‌ನಲ್ಲಿ ಸುಲುಕುಲೆ ಎಂಬ, ರೋಮಾ ('ಜಿಪ್ಸಿ' ಎಂದು ಕರೆಯಲಾಗುತ್ತಿದ್ದ ಸಮುದಾಯ) ಜನರ ಹಳೆಯ ಕೇರಿಯನ್ನು ನಗರ ನವೀಕರಣದ ಹೆಸರಿನಲ್ಲಿ ಕೆಡವಿದರೆಂದು ಓದಿದೆ. 2016ರಲ್ಲಿ ಕೊಡಗಿನ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲುಗಳು ನೆಲಕ್ಕುರುಳಿದ್ದನ್ನು ಕಂಡ ನಮಗೆ ಇದು ಹೊಸದಲ್ಲ. ಆದರೂ ಕೇಳುತ್ತೇನೆ: ಅಲ್ಲಿನ ಹಾಡು, ವಾದ್ಯಗಳನ್ನು ಧ್ವನಿಮುದ್ರಿಸಿಟ್ಟರೆ ಪರಂಪರೆ ಉಳಿದಂತಾಗುವುದಿಲ್ಲವೇ?
– ಓದುಗರು, ವಿರಾಜಪೇಟೆ

ಉತ್ತರ: ಧ್ವನಿಮುದ್ರಣ ಆಗಲೇಬೇಕು, ಆದರೆ ಅದರಿಂದ ಉಳಿಯುವುದು ನಾದ ಮಾತ್ರ, ನುಡಿಸುವವರಲ್ಲ. ಸುಲುಕುಲೆಯ ಸಂಗೀತಕ್ಕೆ ಪೆಟ್ಟು ಬಿದ್ದದ್ದು ಬುಲ್‌ಡೋಜರ್ ಬರುವುದಕ್ಕೂ ಬಹಳ ಮೊದಲು. ಬೈಜಾಂಟಿಯನ್ ಕಾಲದ ಕೋಟೆಗೋಡೆಗೆ ಒತ್ತಿಕೊಂಡಿದ್ದ ಆ ಕೇರಿಯಲ್ಲಿ ವಾಸದ ಮನೆಯೇ ರಂಗಸ್ಥಳವಾಗಿತ್ತು. ಅತಿಥಿಗಳು ಊಟಕ್ಕೆ ಕುಳಿತಲ್ಲಿಗೇ ಮನೆಮಂದಿ ಕ್ಲಾರಿನೆಟ್, ಪಿಟೀಲು, ದರ್ಬುಕಾ ಎಂಬ ಕೈಚರ್ಮವಾದ್ಯ ಹಿಡಿದು ಬರುತ್ತಿದ್ದರು. ಈ ಮನರಂಜನಾ ಮನೆಗಳನ್ನು 1990ರ ದಶಕದ ಆರಂಭದಲ್ಲಿ ಮುಚ್ಚಿಸಿದಾಗ ದುಡಿಮೆ ನಿಂತಿತು, ಕೇರಿ ಬಡವಾಯಿತು, ಬಡವಾದ ಕೇರಿಯನ್ನು ಪಾಳುಬಿದ್ದ ಜಾಗವೆಂದು ಕರೆಯುವುದು ಸುಲಭವಾಯಿತು. ಶಿಥಿಲವಾದ ಐತಿಹಾಸಿಕ ಆಸ್ತಿಯನ್ನು ನವೀಕರಿಸಿ ಉಳಿಸಲೆಂದೇ 2005ರಲ್ಲಿ ಬಂದ 5366ನೇ ಸಂಖ್ಯೆಯ ಕಾನೂನು ಇಲ್ಲಿ ಕೆಡವುವುದಕ್ಕೆ ಒದಗಿತು. 2009ರ ಹೊತ್ತಿಗೆ ಕೇರಿ ಬಹುತೇಕ ಬಯಲಾಗಿತ್ತು. ಪಕ್ಕದ ಕೋಟೆಗೋಡೆ 1985ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕಲ್ಲಿಗೆ ಸಿಕ್ಕ ಮರ್ಯಾದೆ ಅದರ ನೆರಳಿನಲ್ಲಿದ್ದವರಿಗೆ ಸಿಗಲಿಲ್ಲ.

ಬಾಡಿಗೆದಾರರಿಗೆ ಸುಮಾರು 40 ಕಿಲೋಮೀಟರ್ ದೂರದ ತಾಶೊಲುಕ್‌ನಲ್ಲಿ ಕಂತಿನ ಮೇಲೆ ಫ್ಲ್ಯಾಟ್ ಕೊಟ್ಟರು. ರಾತ್ರಿ ನುಡಿಸಿ ದುಡಿಯುವವನಿಗೆ ಆ ದೂರವೇ ದಂಡ. ಕಂತನ್ನೂ ಬಸ್ಸಿನ ಖರ್ಚನ್ನೂ ತಾಳಲಾರದೆ ಹೆಚ್ಚಿನವರು ಹಳೆಯ ಕೇರಿಯ ಆಸುಪಾಸಿಗೇ ಮರಳಿ, ಸಿಕ್ಕ ಕೋಣೆಗಳಲ್ಲಿ ಬಾಡಿಗೆಗೆ ನಿಂತರು.

ಅವರ ಕುಣಿತದ ತಾಳಕ್ಕೆ ಒಂಬತ್ತು ಮಾತ್ರೆ. 'ತಕ ತಕ ತಕ ತಕಿಟ' ಎಂದು ತೊಡೆ ತಟ್ಟಿ ನೋಡಿ. ಕೊನೆಯ ಮೂರರಲ್ಲಿ ಕೈ ಎಡವುತ್ತದೆ. ಆ ಎಡವು ಹೋಗುವುದು ಧ್ವನಿಮುದ್ರಿಕೆ ಕೇಳಿದ್ದರಿಂದಲ್ಲ, ತಿಂಗಳುಗಟ್ಟಲೆ ಹಿರಿಯರ ಮಗ್ಗುಲಲ್ಲಿ ಕುಳಿತದ್ದರಿಂದ. ನಮ್ಮಲ್ಲಿ ದುಡಿ ಹಿಡಿದು ಹಾಡುವವರೂ ಹಾಗೆಯೇ ಕಲಿತವರಲ್ಲವೇ? ಮದುವೆಮನೆಯಲ್ಲಿ ವಾಲಗದ ಬದಲು ಮೊಬೈಲಿನಲ್ಲಿ ಅದೇ ಧ್ವನಿ ಹಾಕಿದರೆ ಕುಣಿಯುವವರು ಕುಣಿದಾರು, ಆದರೆ ವಾಲಗದವರ ಮಗ ಬೇರೆ ಕೆಲಸ ಹುಡುಕುತ್ತಾನೆ. ಹೀಗಾಗಿ ಉಳಿಸುವ ಹಣವಿದ್ದರೆ ಅದರ ಮೊದಲ ಪಾಲು ನುಡಿಸುವವರ ಬಾಡಿಗೆಗೆ ಹೋಗಲಿ, ಕಪಾಟಿಗೆ ಆಮೇಲೆ ನೋಡೋಣ.

2012ರಲ್ಲಿ ನ್ಯಾಯಾಲಯ ಆ ಯೋಜನೆಯನ್ನು ರದ್ದುಪಡಿಸಿದಾಗ ಹೊಸ ಮನೆಗಳು ಆಗಲೇ ಎದ್ದು ನಿಂತಿದ್ದವು. ಅದೇ ಸುಲುಕುಲೆಯ ಹುಡುಗರು 'ತಹ್ರಿಬಾದ್-ಇ ಇಸ್ಯಾನ್' ಎಂಬ ರ‍್ಯಾಪ್ ತಂಡ ಕಟ್ಟಿಕೊಂಡು ಕೆಡವಿದ ಕೇರಿಯ ಕಥೆಯನ್ನೇ ಹಾಡಿದರು.